ಹಗ್ಗ ಯಾರ ಕೈಯಲ್ಲಿತ್ತು

ಬಂದರು ಸತ್ತು ಇಪ್ಪತ್ತು ವರ್ಷವಾದ ಮೇಲೆ ಅದಕ್ಕೆ ಮರ್ಯಾದೆ ಬಂದಿತ್ತು. ದೋಣಿಗಳು ಬರುತ್ತಿದ್ದ ಕಾಲದಲ್ಲಿ ಅವು ಬಂದು ನಿಲ್ಲುವ ಈ ದಕ್ಕೆಯ ಕಟ್ಟೆಯ ಮೇಲೆ ಕೂರಲು ಒಂದು ಕಲ್ಲೂ ಇರಲಿಲ್ಲ. ಹೆಂಗಸರು ಬುಟ್ಟಿ ಮಗುಚಿಕೊಂಡು ಕೂರುತ್ತಿದ್ದರು, ಗಂಡಸರು ಹಗ್ಗದ ಸುರುಳಿಯ ಮೇಲೆ. ಈಗ ಒಂದೇ ಒಂದು ದೋಣಿಯೂ ಬರುವುದಿಲ್ಲ, ನೋಡಲು ಬರುವವರಿಗೆಂದು ಹತ್ತು ಹೆಜ್ಜೆಗೊಂದು ಬೆಂಚು. ಉಗ್ರಾಣಗಳಿಗೆಲ್ಲ ಹಳದಿ ಬಣ್ಣ ಬಳಿದು ಬಾಗಿಲಿಗೆ ಹೊಸ ಚಿಲಕ ಹಾಕಿದ್ದಾರೆ, ಒಳಗೆ ಕದಿಯಲು ಇಲಿಗೂ ಏನೂ ಸಿಗುವುದಿಲ್ಲ. ಮೀನು, ಡಾಂಬರು, ಬೆವರು ಮೂರೂ ಕಲೆತು ನಾರುತ್ತಿದ್ದ ಗಾಳಿಗೆ ಈಗ ವಾಸನೆಯೇ ಇಲ್ಲ. ನದಿಯೊಂದೇ ಯಾರ ಮಾತೂ ಕೇಳಿದಂತಿರಲಿಲ್ಲ. ದಿನಕ್ಕೆರಡು ಸಲ ಸಮುದ್ರ ಅದರ ಬಾಯೊಳಗೆ ನುಗ್ಗಿ ದಕ್ಕೆಯ ಅಂಚಿನವರೆಗೆ ತುಂಬುತ್ತಿತ್ತು, ಆರು ತಾಸಿನಲ್ಲಿ ಎಲ್ಲವನ್ನೂ ವಾಪಸು ಎಳೆದುಕೊಂಡು ಬರೀ ಕೆಸರು ಬಿಟ್ಟು ಹೋಗುತ್ತಿತ್ತು.

ಕಾಜಾದಮ್ಮ ಕಾರಿನಿಂದ ಇಳಿದಾಗ ನೀರು ಇಳಿಯುವುದಕ್ಕೆ ಶುರುವಾಗಿ ಎರಡು ತಾಸಾಗಿತ್ತು. ಗಡಿಯಾರ ನೋಡದೆ, ಗೋಡೆಯ ಮೇಲಿನ ಒದ್ದೆ ಗೆರೆ ನೋಡಿಯೇ ಅವಳು ಅದನ್ನು ಹೇಳಬಲ್ಲಳು. ಒಳನಾಡಿನ ಪೇಟೆಯ ದರ್ಜಿ ಅಂಗಡಿಯಲ್ಲಿ ಮೂವತ್ತು ವರ್ಷ ಶಾಲೆ ಮಕ್ಕಳ ಅಂಗಿಗೆ ಕಾಜಾ ಹೊಲಿದು ಗುಂಡಿ ಹಾಕಿದ್ದರಿಂದ ಬಂದ ಹೆಸರು ಕಾಜಾದಮ್ಮ. ಈ ದಕ್ಕೆಯಲ್ಲಿದ್ದಾಗ ಅವಳಿಗೆ ಬೇರೆ ಹೆಸರಿತ್ತು. ಅದನ್ನು ಕರೆಯುತ್ತಿದ್ದವನು ಹೋದ ಮೇಲೆ ಅದೂ ಹೋಯಿತು.

"ಹುಷಾರಮ್ಮ, ಕಲ್ಲು ಜಾರತ್ತೆ," ಎಂದು ಮಗಳು ಕೈ ಹಿಡಿಯಲು ಬಂದಳು.

"ಈ ಕಲ್ಲಿನ ಮೇಲೆ ತುಂಬಿದ ಬಸುರಿಯಾಗಿ ಓಡಾಡಿದೀನಿ ಕಣೇ. ನೀನು ನಿನ್ನ ಎತ್ತರದ ಚಪ್ಪಲಿ ನೋಡ್ಕೋ."

ಮಗಳು ನಕ್ಕಳು. ಮೂವತ್ತೇಳು ವಯಸ್ಸಿನ ಅವಳು ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಳು. ಬಂದವರ ಕಣ್ಣಿಗೆ ಗಾಜು ಬದಲಿಸಿ ಬದಲಿಸಿ ಇಟ್ಟು "ಇದು ಚೆನ್ನಾಗಿ ಕಾಣತ್ತಾ, ಅದಾ?" ಎಂದು ಕೇಳುವುದು ಅವಳ ಕೆಲಸ. ಕೂದಲೆಳೆಯಷ್ಟು ಅನುಮಾನವಿದ್ದರೂ ಬಿಡದೆ ಮತ್ತೆ ಕೇಳುವುದು ಅವಳ ಹುಟ್ಟುಗುಣ. ಅಪ್ಪನ ದೋಣಿಯನ್ನು ರಿಪೇರಿ ಮಾಡಿ ನೋಡಲು ಇಟ್ಟಿದ್ದಾರಂತೆ, ಹೋಗಿ ಬರೋಣ ಎಂದಷ್ಟೇ ಅಮ್ಮ ಅವಳಿಗೆ ಹೇಳಿದ್ದಳು. ಅದು ಅರ್ಧ ಸತ್ಯ.

ಉಳಿದರ್ಧ ಹೀಗೆ. ಹದಿನೈದು ದಿನದ ಹಿಂದೆ ಹಳೇ ನೆರೆಮನೆಯ ಬಲೆ ಹೆಣೆಯುವವಳು ಫೋನ್ ಮಾಡಿದ್ದಳು. "ನಿನ್ನ ಗಂಡನ ದೋಣಿ ಪಕ್ಕ ಒಂದು ಹಲಗೆ ನಿಲ್ಲಿಸಿದಾರೆ ಕಣೇ. ಅವನು ಹೇಗೆ ಸತ್ತ, ಯಾರಿಂದ ಸತ್ತ ಅಂತ ಎಲ್ಲ ಬರೆದಿದಾರೆ. ನಿನ್ನ ಮೈದುನನ್ನೇ ಅಲ್ಲಿ ಕಾವಲಿಗೆ ಇಟ್ಕೊಂಡಿದಾರೆ. ಬಂದವರಿಗೆಲ್ಲ ಅವನೇ ಆ ಕತೆ ಹೇಳ್ತಾನೆ. ನಾನೇ ಅಣ್ಣನ್ನ ಕೊಂದೆ ಅಂತ ದಿನಕ್ಕೆ ಹತ್ತು ಸಲ ಹೇಳ್ತಾನೆ. ಕೇಳೋಕಾಗಲ್ಲ."

ಫೋನ್ ಇಟ್ಟ ಮೇಲೆ ಕಾಜಾದಮ್ಮನಿಗೆ ಸೂಜಿ ಹಿಡಿಯಲಾಗಲಿಲ್ಲ. ಯಾಕೆಂದರೆ ಆ ಕತೆ ಸುಳ್ಳು ಎಂದು ಗೊತ್ತಿದ್ದವರು ಪ್ರಪಂಚದಲ್ಲಿ ಇಬ್ಬರೇ. ಒಬ್ಬ, ಅದನ್ನು ಹೇಳುತ್ತಿದ್ದ ಮೈದುನ. ಇನ್ನೊಬ್ಬಳು ಅವಳು. ಅವತ್ತು ಹಗ್ಗ ಅವನ ಕೈಯಲ್ಲಿರಲಿಲ್ಲ, ಅವಳ ಕೈಯಲ್ಲಿತ್ತು. ಇವತ್ತು ಮಗಳ ಎದುರಿಗೇ, ಅವನ ಎದುರಿಗೇ ಅದನ್ನು ಹೇಳಿ ಅವನ ತಲೆಯ ಮೇಲಿನ ಭಾರ ಇಳಿಸಬೇಕು ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಅವಳು ಬಂದಿದ್ದಳು.

ಹಗ್ಗದ ವಿಷಯ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಈ ಹೆಂಗಸಿನ ಸಂಕಟ ಯಾರಿಗೂ ಅರ್ಥವಾಗುವುದಿಲ್ಲ. ಇಂಥ ಬಂದರಿನಲ್ಲಿ ದೋಣಿಯ ತಳ ಕೆರೆದು, ಹಲಗೆಯ ಸಂದಿಗೆ ಹತ್ತಿ ತುರುಕಿ, ಡಾಂಬರು ಹಚ್ಚಬೇಕೆಂದರೆ ಅದನ್ನು ಯಾರೂ ದಡಕ್ಕೆ ಎಳೆಯುವುದಿಲ್ಲ. ನೀರು ತುಂಬಿದಾಗ ದಕ್ಕೆಯ ಗೋಡೆಗೆ ತಂದು ನಿಲ್ಲಿಸುತ್ತಾರೆ. ನೀರು ಇಳಿದ ಹಾಗೆ ದೋಣಿಯೂ ಇಳಿದು, ಕೊನೆಗೆ ಅದರ ಅಡಿಮರ ಕೆಸರಿನ ಮೇಲೆ ಕೂರುತ್ತದೆ. ಕೂರುವಾಗ ಅದು ಗೋಡೆಯ ಕಡೆಗೆ ವಾಲಬೇಕು. ಹೊರಗೆ ವಾಲಿದರೆ ಮುಗಿಯಿತು. ಅದಕ್ಕಾಗಿ ಹಾಯಿಕಂಬದ ತುದಿಯಿಂದ ದಕ್ಕೆಯ ಮೇಲಿನ ಕಬ್ಬಿಣದ ಬಳೆಗೆ ಒಂದು ಹಗ್ಗ ಹಾಕಿ, ದೋಣಿ ಇಳಿದಂತೆಲ್ಲ ಸಡಿಲಾಗುವ ಆ ಹಗ್ಗವನ್ನು ಗೇಣುಗೇಣಾಗಿ ಎಳೆದು ಬಿಗಿ ಮಾಡುತ್ತಾ ಒಬ್ಬರು ಕೂತಿರುತ್ತಾರೆ. ಇದಕ್ಕೆ ಹಗ್ಗ ಕಾಯುವುದು ಅನ್ನುತ್ತಾರೆ. ಬಲ ಬೇಕಾದ ಕೆಲಸವಲ್ಲ, ಆದರೆ ಮೇಲೇಳುವ ಹಾಗಿಲ್ಲ. ಎದ್ದು ಹೋಗಲೇಬೇಕೆಂದರೆ ಇನ್ನೊಬ್ಬರನ್ನು ಕರೆದು "ಹಗ್ಗ ನಿಂದು" ಅನ್ನಬೇಕು. ಅವರು ಬಂದು ಕೈ ಹಾಕಿ "ಹಗ್ಗ ನಂದು" ಅನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ಕೈ ಬಿಡುವಂತಿಲ್ಲ. ದಕ್ಕೆಯಲ್ಲಿ ಕುಡುಕರಿದ್ದರು, ಜಗಳಗಂಟರಿದ್ದರು, ಅಪ್ಪ ಅಮ್ಮನ ಮಾತೇ ಕೇಳದವರಿದ್ದರು. ಈ ಒಂದು ಮಾತನ್ನು ಮಾತ್ರ ಯಾರೂ ಮೀರುತ್ತಿರಲಿಲ್ಲ.

ಅವಳು ಮೀರಿದಳು.

ಅವತ್ತು ಅವಳ ಗಂಡ ನೀರು ಸೊಂಟಕ್ಕೆ ಇಳಿಯುತ್ತಲೇ ದೋಣಿಯ ಹೊರಬದಿಗೆ ಇಳಿದು ಚಿಪ್ಪು ಕೆರೆಯಲು ಶುರುಮಾಡಿದ್ದ. ದೋಣಿ ಪೂರ್ತಿ ಕೂತ ಮೇಲೆ ಇಳಿಯಬೇಕು ಅನ್ನುವುದು ಮಾತಿಗೆ ಸರಿ. ಮತ್ತೆ ನೀರು ಏರುವುದರೊಳಗೆ ಕೆಲಸ ಮುಗಿಸಬೇಕಾದವರು ಎಲ್ಲರೂ ಹಾಗೇ ಮಾಡುತ್ತಿದ್ದರು. ಅವಳು ಬಳೆಯ ಹತ್ತಿರ ಹಗ್ಗ ಹಿಡಿದು ಕೂತಿದ್ದಳು. ಮೈದುನ ದಕ್ಕೆಯ ಆ ತುದಿಯಲ್ಲಿ ಡಾಂಬರು ಕಾಯಿಸುತ್ತಿದ್ದ. ಆಗ ಉಗ್ರಾಣದ ಕಡೆಯಿಂದ ಆರು ವರ್ಷದ ಮಗಳು "ಅಮ್ಮಾ" ಎಂದು ಕಿರುಚಿದಳು. ಎರಡನೇ ಸಲವೂ ಕಿರುಚಿದಳು. ಬಿಸಿ ಡಾಂಬರಿಗೆ ಕೈ ಹಾಕಿತೋ, ಮೆಟ್ಟಿಲಿಂದ ಬಿದ್ದಿತೋ. "ಹಗ್ಗ ನಿಂದು" ಎಂದು ಮೈದುನನ ಕಡೆಗೆ ಕೂಗಿ, ಉತ್ತರಕ್ಕೆ ಕಾಯದೆ ಓಡಿದಳು. ಗಾಳಿ ಎದುರಿಗಿತ್ತು. ಅವನಿಗೆ ಕೇಳಿಸಲಿಲ್ಲ.

ಉಗ್ರಾಣದಲ್ಲಿ ಏನೂ ಆಗಿರಲಿಲ್ಲ. ಹಳೇ ಬಲೆಯ ರಾಶಿಯಲ್ಲಿ ಬೆಕ್ಕು ಮರಿ ಹಾಕಿತ್ತು. ಮಗಳು ಖುಷಿಗೆ ಕುಣಿಯುತ್ತಿದ್ದಳು. ಒಂದು ಪೆಟ್ಟು ಕೊಟ್ಟು ವಾಪಸು ಓಡಿದ್ದರೆ ಬಹುಶಃ ಸಮಯವಿರುತ್ತಿತ್ತು. ಆದರೆ ಎದೆ ಹಗುರಾದ ತಾಯಿ ನಕ್ಕುಬಿಟ್ಟಳು, ಮಂಡಿಯೂರಿ ಕೂತು ಮರಿಗಳನ್ನು ಎಣಿಸಿದಳು. ಮೂರು ಬಿಳಿ. ನಾಲ್ಕನೆಯದು ಯಾವ ಬಣ್ಣ ಎಂದು ಬಗ್ಗಿ ನೋಡಿದಳು. ಅಷ್ಟರಲ್ಲಿ ಮರ ಮುರಿದ ಸದ್ದು ಬಂತು. ದೋಣಿ ಹೊರಗೆ ಮಗುಚಿತ್ತು. ಕೆಳಗೆ ಅವನಿದ್ದ.

ಮೂರನೇ ದಿನ ಬಂದರಿನ ಅಧಿಕಾರಿ ಎಲ್ಲರನ್ನೂ ಕೂರಿಸಿಕೊಂಡು "ಹಗ್ಗ ಯಾರ ಕೈಯಲ್ಲಿತ್ತು?" ಎಂದು ಕೇಳಿದ. ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅವಳು ಬಾಯಿ ತೆರೆಯುವುದರೊಳಗೆ ಮೈದುನ ಎದ್ದು ನಿಂತು "ನಂದು. ಹಗ್ಗ ನಂದು" ಅಂದ. ಅವಳು ತೆರೆದ ಬಾಯಿ ಮುಚ್ಚಿದಳು. ಆಮೇಲೆ ನಲ್ಲಿಯ ಹತ್ತಿರ ಸಿಕ್ಕಾಗ ಅವನು ಹೇಳಿದ್ದು ಇಷ್ಟೇ: "ಯಾಕೆ ಎದ್ರಿ ಅಂತ ಕೇಳ್ತಾರೆ ಅತ್ತಿಗೆ. ಮಗು ಕೂಗ್ತು ಅಂತ ನೀವು ಹೇಳಬೇಕಾಗತ್ತೆ. ನಾಳೆ ಅದು ದೊಡ್ಡದಾಗತ್ತೆ, ಅದಕ್ಕೂ ಗೊತ್ತಾಗತ್ತೆ. ಬೇಡ ಬಿಡಿ."

ಅವನಿಗೆ ಆಗ ಇಪ್ಪತ್ತಾರು. ಆಳೆತ್ತರಕ್ಕೆ ಇನ್ನೊಂದು ಮೊಳ ಸೇರಿಸಿದಂತಿದ್ದುದರಿಂದ ದಕ್ಕೆಯವರೆಲ್ಲ ಅವನನ್ನು ಏಣಿ ಎಂದೇ ಕರೆಯುತ್ತಿದ್ದರು. ಆಮೇಲೆ ಯಾವ ದೋಣಿಯವನೂ ಅವನ ಕೈಗೆ ಹಗ್ಗ ಕೊಡಲಿಲ್ಲ. ಮದುವೆಗೆ ಗೊತ್ತಾಗಿದ್ದ ಹುಡುಗಿಯ ಮನೆಯವರು ಬೇಡವೆಂದರು. ಹೆತ್ತ ತಾಯಿಯೇ ಅವನ ಮುಖಕ್ಕೆ ಬಾಗಿಲು ಹಾಕಿದಳು, ಸೊಸೆಯನ್ನೂ ಮೊಮ್ಮಗಳನ್ನೂ ಕಟ್ಟಿಕೊಂಡು ಒಳನಾಡಿಗೆ ಹೋದಳು, ಮೊಮ್ಮಗಳಿಗೆ ಅನ್ನದ ಜೊತೆಗೇ ಅವನ ಮೇಲಿನ ದ್ವೇಷವನ್ನೂ ಕಲಸಿ ತಿನ್ನಿಸಿದಳು. ಆ ಅಜ್ಜಿ ಸತ್ತ ದಿನ ಅವನು ಬಂದು ಬೀದಿಯ ಆಚೆ ಬದಿಯಲ್ಲಿ ಮಧ್ಯಾಹ್ನದವರೆಗೆ ನಿಂತಿದ್ದ. ಕಾಜಾದಮ್ಮ ಕಿಟಕಿಯಿಂದ ನೋಡಿದಳು. ಒಳಗೆ ಕರೆಯಲಿಲ್ಲ.

ಇದನ್ನೆಲ್ಲ ಎದೆಯಲ್ಲಿಟ್ಟುಕೊಂಡು ಈಗ ಅವಳು ದಕ್ಕೆಯುದ್ದಕ್ಕೆ ಮಗಳ ಪಕ್ಕ ನಡೆಯುತ್ತಿದ್ದಳು. ಹೇಳುವುದು ಅರ್ಧವೇ ಎಂದು ತೀರ್ಮಾನಿಸಿದ್ದಳು. ಹಗ್ಗ ನನ್ನ ಕೈಯಲ್ಲಿತ್ತು, ತಲೆ ಸುತ್ತಿತು, ಎದ್ದೆ. ಅಷ್ಟು ಸಾಕು. ಕೂಗಿದ್ದು ಯಾರು ಎಂಬುದು ಮಣ್ಣಿಗೆ ಹೋಗಲಿ.

ಹಳದಿ ಉಗ್ರಾಣವೊಂದರ ಮುಂದೆ ಮಗಳು ನಿಂತಳು. "ಅಮ್ಮ, ಇದೇ ಅಲ್ವಾ? ಈ ಜಾಗದ್ದು ನನಗೆ ನೆನಪಿರೋದು ಒಂದೇ ಒಂದು. ಬೆಕ್ಕಿನ ಮರಿಗಳು. ಬಲೆ ಮೇಲೆ ಮಲಗಿದ್ವು. ನೀನೂ ಬಂದು ನೋಡಿ ನಕ್ಕಿದ್ದೆ."

"ಇರಬಹುದು."

"ಅಪ್ಪನ ಮುಖ ಕೂಡ ಫೋಟೋದಲ್ಲಿರೋ ಹಾಗೇ ನೆನಪಿರೋದು. ಅದೊಂದೇ ನಿಜವಾಗಿ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ನೀನು ನಕ್ಕಿದ್ದು ನಾನು ನೋಡೇ ಇಲ್ಲ ಅನ್ಸತ್ತೆ," ಎಂದು ಮಗಳು ತಮಾಷೆಗೆ ಭುಜ ತಳ್ಳಿದಳು.

ಕಾಜಾದಮ್ಮನಿಗೆ ಅಲ್ಲೇ ಕೂತುಬಿಡಬೇಕೆನ್ನಿಸಿತು. ಎಂದೂ ಇಲ್ಲದ ಬೆಂಚುಗಳು ಈಗ ಎಲ್ಲ ಕಡೆ ಇದ್ದವು, ಆದರೆ ಕೂತರೆ ಮತ್ತೆ ಏಳುವ ಧೈರ್ಯ ಬರುವುದಿಲ್ಲವೆಂದು ನಡೆದಳು.

ದೋಣಿ ದಕ್ಕೆಯ ಕೊನೆಯಲ್ಲಿತ್ತು. ಗಂಡ ಬದುಕಿದ್ದಾಗ ಅದಕ್ಕೆ ಇಷ್ಟು ಚೆಂದದ ಬಣ್ಣ ಕಂಡಿರಲಿಲ್ಲ. ಹಾಯಿಕಂಬದ ತುದಿಯಿಂದ ಹಗ್ಗ ಇಳಿದುಬಂದು ಕಬ್ಬಿಣದ ಬಳೆಯ ಮೂಲಕ ಒಬ್ಬ ಉದ್ದನೆಯ ಮುದುಕನ ಕೈಗೆ ಹೋಗಿತ್ತು. ಅವನು ಮಡಿಸಿದ ಗೋಣಿಯ ಮೇಲೆ ಮಂಡಿ ಎತ್ತಿ ಕೂತಿದ್ದ. ಬಿಸಿಲು ಟೋಪಿ ಹಾಕಿಕೊಂಡ ಏಳೆಂಟು ಜನ ಸುತ್ತ ನಿಂತಿದ್ದರು.

"ಈ ದೋಣಿ ಯಜಮಾನ ನನ್ನಣ್ಣ," ಎಂದು ಅವನು ಹೇಳುತ್ತಿದ್ದ, ರೈಲು ಎಷ್ಟು ಗಂಟೆಗೆ ಎಂದು ಹೇಳುವ ದನಿಯಲ್ಲಿ. "ಅವನು ಆ ಕಡೆ ಕೆಳಗಿದ್ದ. ಈ ಹಗ್ಗ ಕಾಯೋ ಕೆಲಸ ನಂದಾಗಿತ್ತು. ನಾನು ಎದ್ದು ಹೋದೆ. ದೋಣಿ ಅವನ ಮೇಲೆ ಬಿತ್ತು."

"ಎಲ್ಲಿಗೆ ಹೋಗಿದ್ರಿ?" ಎಂದು ಟೋಪಿಯ ಹೆಂಗಸೊಬ್ಬಳು ಕೇಳಿದಳು.

"ಎಲ್ಲಿಗೋ."

ಅವರಲ್ಲೊಬ್ಬ ಅವನ ಫೋಟೋ ತೆಗೆದುಕೊಂಡ. ಇನ್ನೊಬ್ಬ ಪಾಪ ಅಂದ. ಆಮೇಲೆ ಎಲ್ಲರೂ ಹಲಗೆಯನ್ನು ಓದಿಕೊಂಡು ಮುಂದೆ ಹೋದರು. ಹಲಗೆಯಲ್ಲಿ ಅಚ್ಚಾದ ದೊಡ್ಡ ಅಕ್ಷರಗಳಲ್ಲಿ ಅದೇ ಇತ್ತು: ಸ್ವಂತ ತಮ್ಮನ ಅಜಾಗರೂಕತೆಯಿಂದ.

ಮಗಳ ಮುಖದ ಬಣ್ಣವೇ ಇಳಿದುಹೋಯಿತು. "ಇವನಾ?" ಅಂದಳು. "ಇವನು ಇಲ್ಲಿರ್ತಾನೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಅವನ ಹತ್ರ ಒಂದು ಮಾತಾಡಬೇಕು. ನಿನ್ನ ಹತ್ರಾನೂ."

"ನೀನು ಆಡ್ಕೋ. ನಾನು ಟೀ ತರ್ತೀನಿ. ಇಲ್ಲೇ ನಿಂತ್ರೆ ಬಾಯಿಗೆ ಬಂದಿದ್ದು ಅಂದ್ಬಿಡ್ತೀನಿ," ಎಂದು ಅವಳು ಬಿರಬಿರನೆ ಅಂಗಡಿಯ ಕಡೆ ನಡೆದಳು.

ಮುದುಕ ತಲೆಯೆತ್ತಿದ. ಏಣಿಗೆ ಐವತ್ತೇಳೇ ಆಗಿದ್ದರೂ ಎಪ್ಪತ್ತರವನಂತೆ ಕಾಣುತ್ತಿದ್ದ. ಗುರುತು ಹಿಡಿಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ ನಿನ್ನೆ ಸಂಜೆ ಬಿಟ್ಟ ಮಾತನ್ನು ಮತ್ತೆ ಎತ್ತಿಕೊಂಡವನಂತೆ "ಬನ್ನಿ ಅತ್ತಿಗೆ. ಊಟ ಆಯ್ತಾ?" ಅಂದ.

"ಆಯ್ತು. ನಿಂದು?"

"ದೋಣಿ ಕೂತ ಮೇಲೆ. ಇನ್ನೂ ಒಂದು ತಾಸಿದೆ." ಅವನು ಹಗ್ಗವನ್ನು ಒಂದು ಗೇಣು ಎಳೆದು ಬಿಗಿ ಮಾಡಿದ. "ಎದ್ದು ನಿಲ್ಲಕ್ಕಾಗಲ್ಲ, ತಪ್ಪು ತಿಳ್ಕೋಬೇಡಿ."

ಅವಳು ಅವನ ಎದುರಿಗೆ ನೆಲದ ಮೇಲೇ ಕೂತಳು. ಬರುವ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ. "ಆ ಹಲಗೆ ತೆಗೆಸ್ತೀನಿ ಕಣೋ," ಅಂದಳು. "ಇವತ್ತೇ ಆಫೀಸಿಗೆ ಹೋಗಿ ಹೇಳ್ತೀನಿ. ಯಾವನು ಬರೆಸಿದ್ದು ಅದನ್ನ?"

"ನಾನೇ. ಅವರು ಬಂದು ಏನಾಯ್ತು ಅಂತ ಕೇಳಿದ್ರು. ಇಷ್ಟು ವರ್ಷ ಹೇಳಿದ್ದನ್ನೇ ಹೇಳ್ದೆ. ಹೊಸದಾಗಿ ಏನು ಹೇಳಲಿ?"

"ನಿನ್ನ ಬಾಳೆಲ್ಲ ಹಾಳಾಯ್ತು. ನಾನು ಬಾಯಿ ಮುಚ್ಕೊಂಡು ನೋಡ್ತಾ ಕೂತೆ."

"ಅಂಥಾದ್ದೇನೂ ಆಗಿಲ್ಲ ಬಿಡಿ. ಇಟ್ಟಿಗೆ ಗೂಡಲ್ಲಿ ಕೆಲಸ ಇತ್ತು. ಉಂಡೆ, ಮಲಗಿದೆ." ಅವನು ಅಂಗಡಿಯ ಕಡೆ ನೋಡಿದ. "ಪುಟ್ಟಿ ಅಲ್ವಾ ಅದು? ನೀಲಿ ಬಟ್ಟೆ. ನಡಿಗೆ ಅಣ್ಣಂದೇ. ನೆಲಕ್ಕೆ ಏನೋ ಹಳೇ ಸೇಡಿದ್ದ ಹಾಗೆ ನಡೀತಿದ್ದ."

ಕಾಜಾದಮ್ಮನಿಗೆ ಅಳುವಿನ ನಡುವೆ ನಗು ಬಂತು. ನಿಜ, ಹಾಗೇ ನಡೆಯುತ್ತಿದ್ದ.

"ಕನ್ನಡಕದ ಅಂಗಡಿ ಇಟ್ಟಿದಾಳೆ," ಅಂದಳು.

"ಗೊತ್ತು. ಒಂದ್ಸಲ ಬಂದಿದ್ದೆ. ಕಣ್ಣು ತೋರಿಸೋ ನೆಪ ಮಾಡ್ಕೊಂಡು. ಗಾಜಿನ ಬಾಗಿಲಿಂದ ನೋಡಿದೆ, ಒಬ್ಬ ಅಜ್ಜನಿಗೆ ಅಕ್ಷರ ಓದಿಸ್ತಿದ್ಲು. ಒಳಗೆ ಹೋಗೋಕೆ ಕಾಲು ಬರ್ಲಿಲ್ಲ." ಅವನ ಕೈ ಹಗ್ಗದ ಮೇಲೆ ಹಿಂದೆ ಮುಂದೆ ಆಡಿತು. "ಅತ್ತಿಗೆ, ನನಗೆ ಹಲಗೆ ಇದ್ರೂ ಒಂದೇ, ಹೋದ್ರೂ ಒಂದೇ. ಅವಳು ಒಂದ್ಸಲ ಚಿಕ್ಕಪ್ಪ ಅಂದ್ರೆ ಸಾಕು. ಬೈಯ್ಯೋಕೆ ಕರೆದ್ರೂ ಸರಿ. ನನ್ನ ಹೆಗಲ ಮೇಲೆ ಕೂತು ಇಡೀ ಬಂದರು ನೋಡ್ತಿದ್ದ ಹುಡುಗಿ ಅದು."

"ಅಂತಾಳೆ. ಇವತ್ತೇ ಅಂತಾಳೆ. ಅದಕ್ಕೇ ಕರ್ಕೊಂಡು ಬಂದಿದೀನಿ. ಹಗ್ಗ ನಂದು ಅಂತ ಅವಳಿಗೆ ಹೇಳ್ತೀನಿ."

ಅವನು ಹಗ್ಗವನ್ನು ಇನ್ನೊಂದು ಗೇಣು ಎಳೆದ. "ಯಾಕೆ ಎದ್ದೆ ಅಂತ ಕೇಳ್ತಾಳೆ."

"ಏನೋ ಒಂದು ಹೇಳ್ತೀನಿ."

"ನಿಮಗೆ ಸುಳ್ಳು ಹೇಳೋಕೆ ಬರಲ್ಲ ಅತ್ತಿಗೆ. ಸುಮ್ಮನಿರೋಕೆ ಬರತ್ತೆ."

ಚುಚ್ಚಬೇಕೆಂದು ಅಂದದ್ದಲ್ಲ. ಇವರಿಗೆ ಸಕ್ಕರೆ ಕಡಿಮೆ ಹಾಕಬೇಕು ಅನ್ನುವ ಹಾಗೆ, ಮನೆಯವರೊಬ್ಬರ ಬಗ್ಗೆ ಗೊತ್ತಿರುವ ಒಂದು ಸಣ್ಣ ವಿಷಯದಂತೆ ಅಂದ. ಅದಕ್ಕೇ ಅದು ಅವಳ ಎದೆಗೆ ನೇರವಾಗಿ ನಾಟಿತು.

ಮಗಳು ಬಂದಳು. ಕೈಯಲ್ಲಿ ಎರಡೇ ಲೋಟ ಟೀ. ಒಂದನ್ನು ಅಮ್ಮನಿಗೆ ಕೊಟ್ಟು, ಅವನ ಕಡೆಗೆ ಬೆನ್ನು ಹಾಕಿ ನಿಂತು, "ಮುಗೀತಾ? ಹೋಗೋಣ," ಅಂದಳು.

"ಕೂತ್ಕೋ ಪುಟ್ಟಿ."

"ಇಲ್ಲಿ ಕೂರಲ್ಲ."

"ಸರಿ, ನಿಂತೇ ಕೇಳು." ಕಾಜಾದಮ್ಮ ಲೋಟವನ್ನು ನೆಲಕ್ಕಿಟ್ಟಳು. ಅರ್ಧ ಟೀ ಚೆಲ್ಲಿತು. "ಆ ಹಲಗೆಯಲ್ಲಿ ಬರೆದಿರೋದು ಸುಳ್ಳು. ನಿಮ್ಮಜ್ಜಿ ಹೇಳಿದ್ದೂ ಸುಳ್ಳು. ಅವತ್ತು ಹಗ್ಗ ಇವನ ಕೈಯಲ್ಲಿರಲಿಲ್ಲ. ನನ್ನ ಕೈಯಲ್ಲಿತ್ತು. ನಾನೇ ಎದ್ದು ಹೋದೆ. ಇವನು ನನ್ನನ್ನ ಉಳಿಸೋಕೆ ತನ್ನ ಮೇಲೆ ಹಾಕ್ಕೊಂಡ. ನಾನು ಹಾಕ್ಕೊಳ್ಳೋಕೆ ಬಿಟ್ಟೆ. ಇಷ್ಟು ವರ್ಷ ಬಿಟ್ಟೆ."

ಹೇಳಿಬಿಟ್ಟಿದ್ದಳು. ಮೂವತ್ತೊಂದು ವರ್ಷ ಬಚ್ಚಿಟ್ಟಿದ್ದದ್ದು ಹೊರಗೆ ಬರಲು ನಾಲ್ಕು ಉಸಿರೂ ಬೇಕಾಗಲಿಲ್ಲ. ಇಷ್ಟೇ ಇತ್ತೇ ಎಂದು ಅವಳಿಗೆ ಆಶ್ಚರ್ಯವಾಯಿತು.

ಮಗಳು ತನ್ನ ಲೋಟವನ್ನೂ ನೆಲಕ್ಕಿಟ್ಟಳು. "ಅಜ್ಜಿಗೆ ಗೊತ್ತಿತ್ತಾ?"

"ಇಲ್ಲ. ಯಾರಿಗೂ ಗೊತ್ತಿರಲಿಲ್ಲ."

ಆಗ ಮಗಳು ತಿರುಗಿ, ಬುದ್ಧಿ ಬಂದ ಮೇಲೆ ಮೊದಲನೇ ಸಲ, ಅವನನ್ನು ನೇರವಾಗಿ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಹಣೆಯ ಗಂಟು ಬಿಚ್ಚಿತು. ಕಣ್ಣು ತುಂಬಿತು. ತುಟಿಗಳು ಒಂದು ಮಾತಿಗೆ ಸಿದ್ಧವಾಗಿ ತೆರೆದವು. ಏಣಿ ಹಗ್ಗ ಎಳೆಯುವುದನ್ನೂ ಮರೆತು ಆ ಬಾಯಿಯನ್ನೇ ನೋಡುತ್ತಿದ್ದ. ಅವನ ಮುಖ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನ ಮುಖವಾಗಿತ್ತು.

ಆದರೆ ಕೂದಲೆಳೆ ಅನುಮಾನವನ್ನೂ ಬಿಡದ ಅವಳ ಬುದ್ಧಿ ನಡುವೆ ಬಂತು. ಅವಳು ಅಮ್ಮನ ಕಡೆ ತಿರುಗಿದಳು. "ಹಗ್ಗ ಹಿಡಿದವರು ಪ್ರಾಣ ಹೋದ್ರೂ ಏಳಬಾರದು ಅಂತ ನೀನೇ ಹೇಳ್ತಿದ್ದೆ. ಕೆಳಗೆ ಅಪ್ಪ ಇದ್ರು. ಮತ್ಯಾಕೆ ಎದ್ದೆ?"

"ತಲೆ ಸುತ್ತಿತು."

"ತಲೆ ಸುತ್ತಿದ್ರೆ ಅಲ್ಲೇ ಮಲಗ್ತಾರೆ. ಎದ್ದು ಹೋಗಲ್ಲ. ಎಲ್ಲಿಗೆ ಹೋದೆ?"

"ಎಲ್ಲೂ ಇಲ್ಲ ಪುಟ್ಟಿ. ಹೀಗೇ, ಆ ಕಡೆ."

"ಆ ಕಡೆ ಅಂದ್ರೆ?" ಮಗಳ ಕಣ್ಣು ದಕ್ಕೆಯುದ್ದಕ್ಕೆ ಹೋಗಿ ಹಳದಿ ಉಗ್ರಾಣಗಳ ಸಾಲಿನ ಮೇಲೆ ನಿಂತಿತು. ದನಿ ಸಣ್ಣದಾಯಿತು. "ಅಮ್ಮ, ಅವಾಗ ನಾನೆಲ್ಲಿದ್ದೆ?"

ಕಾಜಾದಮ್ಮ ಬಾಯಿ ತೆರೆದಳು. ಮನೆಯಲ್ಲಿದ್ದೆ ಎನ್ನಬೇಕು. ಅಜ್ಜಿಯ ಹತ್ತಿರ, ಪಕ್ಕದವರ ಹತ್ತಿರ, ಎಲ್ಲಿಯಾದರೂ. ಮಗಳ ಮುಖದಲ್ಲಿ ಆ ಪ್ರಶ್ನೆ ಅದರ ಉತ್ತರದ ಕಡೆಗೆ ತಾನಾಗಿಯೇ ನಡೆದು ಹೋಗುತ್ತಿರುವುದು ಅವಳಿಗೆ ಕಾಣುತ್ತಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ಆ ಹುಡುಗಿಯ ಒಂದೇ ಒಂದು ಒಳ್ಳೆಯ ನೆನಪು ಹಾವಾಗಿ ಅವಳನ್ನೇ ಕಚ್ಚುತ್ತದೆ, ಸಾಯುವವರೆಗೂ ಬಿಡುವುದಿಲ್ಲ.

"ನಾನು ಕರೆದೆ," ಎಂದ ಏಣಿ.

ಇಬ್ಬರೂ ತಿರುಗಿದರು. ಅವನು ಹಗ್ಗವನ್ನು ನೋಡುತ್ತಾ, ಟೋಪಿಯವರಿಗೆ ಹೇಳುವ ಅದೇ ದನಿಯಲ್ಲಿ ಹೇಳಿದ. "ಡಾಂಬರಿನ ಹಂಡೆ ಎತ್ತೋಕೆ ಒಂದು ಕೈ ಬೇಕಿತ್ತು. ನಾನು ಕರೆದೆ. ನಿಮ್ಮಮ್ಮ ಬರಲ್ಲ ಅಂದ್ರು, ಹಗ್ಗ ಬಿಡೋ ಹಾಗಿಲ್ಲ ಅಂದ್ರು. ಏನೂ ಆಗಲ್ಲ ಬನ್ನಿ, ನಾನು ನೋಡ್ಕೋತೀನಿ ಅಂತ ಗದರಿಸಿದೆ. ಆಮೇಲೆ ನೋಡ್ಕೊಳ್ಳಲಿಲ್ಲ. ನೀನು ಮನೇಲಿದ್ದೆ, ನಿದ್ದೆ ಮಾಡ್ತಿದ್ದೆ."

ಗಾಳಿ ಬೀಸಿ ಟೀ ಲೋಟ ಉರುಳಿತು. ಮಗಳ ಹಣೆಯ ಮೇಲೆ ಆ ಗಂಟು ಮತ್ತೆ ಕಟ್ಟಿಕೊಂಡಿತು, ಮೊದಲಿಗಿಂತ ಬಿಗಿಯಾಗಿ. ಅವಳಿಗೆ ಎಲ್ಲವೂ ಈಗ ಸ್ಪಷ್ಟವಾಗಿ ಕಾಣುತ್ತಿತ್ತು, ಸರಿಯಾದ ಗಾಜು ಇಟ್ಟ ಹಾಗೆ.

"ಹಾಗಾದ್ರೆ ಎಲ್ಲ ಅಲ್ಲಿಗೇ ಬಂತಲ್ಲ," ಅಂದಳು. "ನೀವು ಕರೆದ್ರಿ. ನೀವು ಗದರಿಸಿದ್ರಿ. ಅದನ್ನ ಯಾರಿಗೂ ಹೇಳದೆ ನುಂಗ್ಕೊಂಡು, ಎದ್ದು ಹೋದೆ ಅಂತ ಮಾತ್ರ ದೊಡ್ಡ ತ್ಯಾಗಿ ಥರ ಹೇಳ್ಕೊಂಡು ಕೂತಿದೀರಿ. ನಮ್ಮಮ್ಮ ಪಾಪ, ತಾನೇ ಗಂಡನ್ನ ಕೊಂದೆ ಅಂದ್ಕೊಂಡು ಮೂವತ್ತು ವರ್ಷ ಒಳಗೊಳಗೇ ಸತ್ತಿದಾಳೆ. ಇವತ್ತು ಬಂದು ನಿಮ್ಮ ತಪ್ಪನ್ನೂ ತನ್ನ ಮೇಲೆ ಹಾಕ್ಕೊಳ್ಳೋಕೆ ನೋಡಿದ್ಲು. ನಾಚಿಕೆ ಆಗಲ್ವಾ ನಿಮಗೆ?"

"ಆಗತ್ತೆ," ಎಂದ ಅವನು.

ಮಗಳು ಬಗ್ಗಿ ಅಮ್ಮನನ್ನು ಎರಡೂ ಕೈಯಿಂದ ಎತ್ತಿ ನಿಲ್ಲಿಸಿ ತಬ್ಬಿಕೊಂಡಳು. ಸಣ್ಣವಳಿದ್ದಾಗಿನ ಹಾಗೆ, ಉಸಿರು ಕಟ್ಟುವ ಹಾಗೆ. ಆ ತೋಳುಗಳ ನಡುವಿನಿಂದ ಕಾಜಾದಮ್ಮ ಏಣಿಯನ್ನು ನೋಡಿದಳು. ಅಲ್ಲ ಎನ್ನುವ ಎರಡಕ್ಷರ ಅವಳ ಬಾಯಲ್ಲಿತ್ತು. ಅವನು ತಲೆಯನ್ನು ಒಂದಿಷ್ಟೇ, ಬೇರೆಯವರಿಗೆ ಕಾಣದಷ್ಟೇ, ಅಡ್ಡಕ್ಕೆ ಆಡಿಸಿದ. ಅವಳು ಹೇಳಲಿಲ್ಲ. ಮಗಳಿಗಾಗಿ ಹೇಳಲಿಲ್ಲ ಎಂದು ಯಾರು ಬೇಕಾದರೂ ಒಪ್ಪುತ್ತಾರೆ. ಅದು ಸುಳ್ಳೂ ಅಲ್ಲ. ಆದರೆ ಆ ತೋಳುಗಳು ಬೆಚ್ಚಗಿದ್ದವು, ಗಂಡ ಸತ್ತ ದಿನದಿಂದ ಯಾರೂ ಅವಳನ್ನು ಹಾಗೆ ಅಪ್ಪಿಕೊಂಡಿರಲಿಲ್ಲ, ಮತ್ತು ಆ ಅಪ್ಪುಗೆಯಿಂದ ಹೊರಗೆ ಬರಲು ಅವಳಿಗೆ ಮನಸ್ಸಾಗಲಿಲ್ಲ. ಎಷ್ಟು ಪಾಲು ಮಗಳಿಗಾಗಿ, ಎಷ್ಟು ಪಾಲು ತನಗಾಗಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನಡಿಯಮ್ಮ," ಎಂದಳು ಮಗಳು. ನಾಲ್ಕು ಹೆಜ್ಜೆ ನಡೆದವಳು ತಿರುಗಿ ನಿಂತು, "ಇನ್ನು ಮೇಲೆ ಹೇಳೋವಾಗ ಕರೆದಿದ್ದೂ ಸೇರಿಸಿ ಹೇಳಿ," ಎಂದಳು. ಅವನನ್ನು ಏನೆಂದೂ ಕರೆಯಲಿಲ್ಲ.

"ಹೇಳ್ತೀನಿ ತಾಯಿ," ಎಂದು ಅವನು ಹಗ್ಗ ಎಳೆದ. ನೀರು ತುಂಬಾ ಇಳಿದಿತ್ತು, ಅವನು ಮೂರು ಗೇಣು ಒಟ್ಟಿಗೆ ಎಳೆಯಬೇಕಾಯಿತು.

ಕಾಜಾದಮ್ಮನಿಗೆ ಕಾರಿನವರೆಗಿನ ದಾರಿ ನೆನಪಿಲ್ಲ. ಮಗಳು ಹಿಡಿದ ಕೈ ಬಿಡಲಿಲ್ಲ, ಕಲ್ಲು ಜಾರುವಲ್ಲೂ ಬಿಡಲಿಲ್ಲ. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ತನ್ನ ದುಪಟ್ಟಾದಿಂದ ಅವಳ ಕೆನ್ನೆ ಒರೆಸಿದಳು. ಎಷ್ಟು ಒರೆಸಿದರೂ ಮತ್ತೆ ಒದ್ದೆಯಾಗುತ್ತಿತ್ತು.

"ಸಾಕು ಅತ್ತಿದ್ದು," ಎಂದಳು ಮಗಳು, ಇಷ್ಟು ಮೆದುವಾಗಿ ಅವಳು ಯಾವತ್ತೂ ಮಾತಾಡಿರಲಿಲ್ಲ. "ನಿಂದೇನೂ ತಪ್ಪಿಲ್ಲ ಅಂತ ಈಗಾದ್ರೂ ಗೊತ್ತಾಯ್ತಲ್ಲ ನಿಂಗೆ."

"ಹೂಂ," ಎಂದಳು ಕಾಜಾದಮ್ಮ.